ಎಂಜಿಎ 1500: ಮಧ್ಯಾಹ್ನದ ಬಿಸಿಲಲ್ಲಿ ಆನಗೋಡು ದಾಟಿದರೆ ನಿಂತುಬಿಡುತ್ತದೆ. ರಿಪೇರಿ ಮಾಡಿಸಲಾ, ಮಾರಿಬಿಡಲಾ?

ಗಿರಣಿಮನೆ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಗಾಡಿ 1958ರ ಎಂಜಿಎ 1500 ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಎರಡೇ ಸೀಟಿನ ತೆರೆದ ರೋಡ್‌ಸ್ಟರ್. ನಾಲ್ಕು ವರ್ಷ ಬಿಚ್ಚಿ ಕಟ್ಟಿ, ಈ ಯುಗಾದಿಗೆ ಮೊದಲ ಸಲ ರೋಡಿಗಿಳಿಸಿದೆ. ಊರೊಳಗೆ ಪಿ.ಬಿ. ರೋಡು, ಹದಡಿ ರೋಡು ಎಷ್ಟು ಸುತ್ತಿದರೂ ತಕರಾರಿಲ್ಲ. ಚಿತ್ರದುರ್ಗದ ಕಡೆ ಹೈವೇ ಹಿಡಿದರೆ ಆನಗೋಡು ದಾಟಿ ಸ್ವಲ್ಪ ದೂರಕ್ಕೆ ಎಳೆತ ಕಮ್ಮಿಯಾಗುತ್ತದೆ, ಎರಡು ಸಲ ಮುಗ್ಗರಿಸಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಸ್ಟಾರ್ಟರ್ ಗುಂಡಿ ಎಳೆದರೆ ಹೊತ್ತಿಕೊಳ್ಳುತ್ತದೆ. ಆಮೇಲೆ ಏಳೆಂಟು ಕಿಲೋಮೀಟರಿಗೆ ಮತ್ತೆ ಅದೇ ಕಥೆ. ಮೂರು ಸಲ ಹೀಗಾಯಿತು, ಮೂರೂ ಸಲ ಮಧ್ಯಾಹ್ನವೇ. ಒಂದು ದಿನ ಬೆಳಗ್ಗೆ ಐದೂವರೆಗೆ ಹೊರಟಾಗ ಭರಮಸಾಗರದ ತನಕ ಹೋಗಿ ತಿರುಗಿ ಬಂದೆ, ಒಮ್ಮೆಯೂ ಕೆಮ್ಮಲಿಲ್ಲ.

ಇಲ್ಲಿಯವರೆಗೆ ಬದಲಾಯಿಸಿದ್ದು ಕಿಡಿ ಹಾರಿಸುವ ಭಾಗಗಳು: ಪಾಯಿಂಟ್, ಕಂಡೆನ್ಸರ್, ಕಾಯಿಲ್, ಪ್ಲಗ್ಗು. ಎರಡೂ ಎಸ್‌ಯು ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದೇನೆ. ರೇಡಿಯೇಟರ್ ಹೊಸ ಕೋರ್, ಟೆಂಪರೇಚರ್ ಮುಳ್ಳು ಮೇಲೇರುವುದಿಲ್ಲ. ಟ್ಯಾಂಕಿನ ತುಕ್ಕು ತೆಗೆಸಿದೆ, ಪೆಟ್ರೋಲ್ ಪೈಪಿನ ರಬ್ಬರು ಎಲ್ಲ ಹೊಸದು.

ಇನ್ನೊಂದು ವಿಷಯ. ಬೆಂಗಳೂರಿನವರೊಬ್ಬರು ಬಂದು ಗಾಡಿ ನೋಡಿಕೊಂಡು ಹೋದರು. "ಹೀಗೆ ದಾರೀಲಿ ನಿಲ್ಲೋ ಇಂಜಿನ್ ಇಟ್ಕೊಂಡು ಏನ್ಮಾಡೋದು, ತೆಗೆದು ಇಸುಜು ಇಂಜಿನ್ ಕೂರಿಸ್ತೀನಿ" ಎಂದು ಅದೇ ನೆಪದಲ್ಲಿ ದರ ಇಳಿಸುತ್ತಿದ್ದಾರೆ. ನನಗೆ ಇದುವರೆಗೆ ಆದ ಖರ್ಚು ಆರು ಲಕ್ಷದ ನಲವತ್ತು ಸಾವಿರ. ಮಗಳ ಕಾಲೇಜು ಫೀಸು ಜುಲೈಗೆ ಕಟ್ಟಬೇಕು. ಮೊನ್ನೆ ಲಾರಿಗಳ ಧೂಳಿನಲ್ಲಿ ಮುಕ್ಕಾಲು ಗಂಟೆ ನಿಂತಾಗ ಕೊಟ್ಟುಬಿಡೋಣ ಅನ್ನಿಸಿತು. ಆದರೆ ಇದು ನಮ್ಮಪ್ಪನ ಗಾಡಿ. ಅವರು ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಮಾಲೀಕರ ಶೆಡ್ಡಿನಲ್ಲಿ ನಿಂತಿದ್ದ ಇದನ್ನು ಕಂತಿನಲ್ಲಿ ದುಡ್ಡು ಕೊಟ್ಟು ಕೊಂಡವರು. ತಿಳಿದವರು ಹೇಳಿ.

ದುರ್ಗದಬಂಡೆ, ಚಿತ್ರದುರ್ಗ:

ಅಣ್ಣ, ಮೊದಲು ಗಾಡಿ ಫೋಟೋ ಹಾಕಿ! ನಮ್ಮ ಕಡೆ ಎಂಜಿಎ ಐತೆ ಅಂತಾನೇ ಗೊತ್ತಿರಲಿಲ್ಲ. ಅಬಿಂಗ್ಡನ್ ಫ್ಯಾಕ್ಟರಿಯಲ್ಲಿ 1955ರಿಂದ 1962ರವರೆಗೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಮಾಡಿದ್ರು, ಬಹುಪಾಲು ಅಮೆರಿಕಕ್ಕೇ ಹೋದವು.

ನಿಮ್ಮದು ವೇಪರ್ ಲಾಕ್, ಅಂದ್ರೆ ಕಾವಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟೋದು. ಅನುಮಾನವೇ ಬೇಡ. ನನ್ನ ಅಂಬಾಸಿಡರ್ ಏಪ್ರಿಲ್ ಬಂತು ಅಂದ್ರೆ ಹೀಗೇ ಮಾಡ್ತಿತ್ತು. ಎರಡಕ್ಕೂ ಒಂದೇ ಇಂಜಿನ್, ಅದೇ 1489 ಸಿಸಿ ಬಿ-ಸೀರೀಸ್. ಕಾರ್ಬ್ಯುರೇಟರೂ ಸೈಲೆನ್ಸರ್ ಮ್ಯಾನಿಫೋಲ್ಡೂ ಒಂದೇ ಮಗ್ಗುಲಲ್ಲಿ ಇರೋದ್ರಿಂದ ಕಾವೆಲ್ಲ ಪೆಟ್ರೋಲಿಗೇ ಹೊಡೀತದೆ. ಒದ್ದೆ ಬಟ್ಟೆ ಒಂದು ಗಾಡೀಲಿ ಇಟ್ಕೊಳ್ಳಿ, ನಿಂತಾಗ ಪಂಪ್ ಮೇಲೆ ಸುತ್ತಿ. ಮಾರೋ ಮಾತು ಬಿಟ್ಹಾಕಿ.

ಹರಿಹರದ ಲೇತು:

ವೇಪರ್ ಲಾಕ್ ಅಂತ ಮೊದಲೇ ತೀರ್ಮಾನ ಮಾಡಬ್ಯಾಡ್ರಿ. ದುರ್ಗದವರು ಹೇಳಿದ್ದು ಅಂಬಾಸಿಡರಿಗೆ ಸರಿ. ಅದರ ಪಂಪು ಇಂಜಿನ್ನಿಗೇ ಅಂಟಿಕೊಂಡಿರ್ತದೆ, ಹಿಂದಿನ ಟ್ಯಾಂಕಿನಿಂದ ಅಲ್ಲಿಯವರೆಗೆ ಪೆಟ್ರೋಲ್ ಎಳೀತದೆ. ಎಳೆಯೋ ಪೈಪಿನಲ್ಲಿ ಒತ್ತಡ ಕಮ್ಮಿ, ಕಾವಿಗೆ ಬೇಗ ಆವಿ ಆಗ್ತದೆ. ಎಂಜಿಎಗೆ ಹಾಗಲ್ಲ. ಅದರದ್ದು ಎಸ್‌ಯು ಕರೆಂಟ್ ಪಂಪು, ಇರೋದು ಹಿಂದೆ, ಟ್ಯಾಂಕಿನ ಪಕ್ಕ. ಎಳೆಯೋದು ಗೇಣು ದೂರ, ಉಳಿದದ್ದೆಲ್ಲ ಒತ್ತೋದು. ಮುಂದೆ ಎಷ್ಟೇ ಕಾವಿದ್ದರೂ ಹಿಂದಿನಿಂದ ಪಂಪು ತಳ್ಳುತ್ತಲೇ ಇರ್ತದೆ.

ಮುಂದಿನ ಸಲ ನಿಂತಾಗ ಬಾನೆಟ್ ಎತ್ತಿ ಕೂಡಬ್ಯಾಡ್ರಿ. ಪೂರ್ತಿ ಆರೋಕ್ಕೆ ಮುಂಚೆ ಹತ್ತು ನಿಮಿಷದೊಳಗೆ ನಾಲ್ಕು ಕೆಲಸ ಮಾಡ್ರಿ. ಮೊದಲು ಟ್ಯಾಂಕಿನ ಮುಚ್ಚಳ ತೆಗೀರಿ. ಬುಸ್ ಅಂತ ಗಾಳಿ ಎಳೆದುಕೊಂಡರೆ ಗಾಳಿತೂತು ಕಟ್ಟಿದೆ. ಆಮೇಲೆ ಚಾವಿ ತಿರುಗಿಸಿ ಪಂಪಿನ ಸದ್ದು ಕೇಳ್ರಿ. ಆರೋಗ್ಯವಾಗಿದ್ದರೆ ಟಕಟಕ ಹೊಡೆದು, ಕಾರ್ಬ್ಯುರೇಟರ್ ಬಟ್ಟಲು ತುಂಬಿದ ಮೇಲೆ ಸುಮ್ಮನಾಗ್ತದೆ. ನಿಲ್ಲದೆ ಜೋರಾಗಿ ಹೊಡೀತಾ ಇದ್ದರೆ ಎಲ್ಲೋ ಗಾಳಿ ಎಳೀತಿದೆ. ನಿಧಾನವಾಗಿ ಒಂದೊಂದೇ ಹೊಡೆದು ಪಂಪಿನ ಮೈ ಕೈ ಇಡಲಾರದಷ್ಟು ಸುಡ್ತಿದ್ದರೆ ಪಂಪಿನ ಹಿಂದೆ, ಟ್ಯಾಂಕಿನ ಕಡೆ ಅಡ್ಡಿ ಇದೆ. ಮೂರನೇದು ಸ್ಪಾರ್ಕ್. ಬಿಳಿ-ನೀಲಿ ಕಿಡಿ ಟಪ್ ಅಂತ ಹಾರಬೇಕು. ಹಳದಿ ಸಣ್ಣ ಕಿಡಿ ಬಂದರೆ ಕಂಡೆನ್ಸರ್ ಕಾವಿಗೆ ಸೋಲ್ತಿದೆ ಅಂತ ಅರ್ಥ, ಹೊಸದು ಅಂತ ನಂಬಬ್ಯಾಡ್ರಿ. ಇದನ್ನ ಪೆಟ್ರೋಲ್ ಪೈಪು ಬಿಚ್ಚೋಕ್ಕೆ ಮುಂಚೇನೇ ಮುಗಿಸ್ರಿ. ಕೊನೇಗೆ, ಇಂಜಿನ್ ಸ್ವಲ್ಪ ಆರಿದ ಮೇಲೆ, ಕಾರ್ಬ್ಯುರೇಟರ್ ಹತ್ತಿರದ ಪೈಪು ಬಿಡಿಸಿ ಬಾಟ್ಲಿಗೆ ಹಿಡೀರಿ. ನಿಮಿಷಕ್ಕೆ ಅರ್ಧ ಲೀಟರ್ ಹತ್ತಿರ ಬರಬೇಕು. ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಾಗೆ ಇಟ್ಟುಕೊಂಡೇ ಮಾಡ್ರಿ.

ಒಂದು ಮಾತು. ಇದು ಪಾಸಿಟಿವ್ ಅರ್ಥ್ ಗಾಡಿ, ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಮೈಗೆ ಕಟ್ಟಿರ್ತದೆ, ಸೀಟಿನ ಹಿಂದೆ ಆರು ವೋಲ್ಟಿನ ಎರಡು ಬ್ಯಾಟರಿ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕ್ರಿ ಅಂತ ಯಾರಾದರೂ ಹೇಳಿದರೆ ಅದು ಪಾಸಿಟಿವ್ ಅರ್ಥಿನದ್ದೇ ಅಂತ ನೋಡದೆ ಮುಟ್ಟಬ್ಯಾಡ್ರಿ, ಮೊದಲ ಚಾವಿಗೇ ಸುಡ್ತದೆ.

ಗಿರಣಿಮನೆ:

ಅಣ್ಣ, ನೀವು ಹೇಳಿದ ಹಾಗೇ ಇವತ್ತು ಮಧ್ಯಾಹ್ನ ಬೇಕಂತಲೇ ಹೊರಟೆ. ನಿಂತ ಜಾಗವೂ ಹೆಚ್ಚುಕಮ್ಮಿ ಅದೇ. ಮುಚ್ಚಳ ತೆಗೆದೆ, ಬುಸ್ ಅನ್ನಲಿಲ್ಲ. ಸ್ಪಾರ್ಕ್ ನೀಲಿ, ಗಟ್ಟಿ. ಪಂಪು ಮಾತ್ರ ಮೂರ್ನಾಲ್ಕು ಸೆಕೆಂಡಿಗೆ ಒಂದು ಟಕ್. ಕೈ ಇಟ್ಟೆ, ಸುಟ್ಟಿತು. ಬಾಟ್ಲಿಗೆ ಪೂರ್ತಿ ಒಂದು ನಿಮಿಷ ಹಿಡಿದರೆ ಒಂದು ಟೀ ಲೋಟದಷ್ಟೂ ಬರಲಿಲ್ಲ.

ಹಾಗಾದರೆ ಪಂಪೇ ಹೋಗಿದೆಯಾ? ಹೊಸದು ತರಿಸಲಾ?

ಹರಿಹರದ ಲೇತು:

ತರಿಸಬ್ಯಾಡ್ರಿ. ಪಂಪು ಉಸಿರು ಕಟ್ಟಿ ಒದ್ದಾಡ್ತಿದೆ ಅಷ್ಟೇ. ಒಳಗೆ ಬರೋ ಪೈಪನ್ನ ಬಿಡಿಸಿ, ಒಂದು ತುಂಡು ಬೇರೆ ಪೈಪು ಹಾಕಿ ಪೆಟ್ರೋಲ್ ಡಬ್ಬಿಗೆ ಅದ್ದಿ ನೋಡ್ರಿ. ಜೋರಾಗಿ ಹೊಡೆದರೆ ಪಂಪು ಗಟ್ಟಿ, ತಪ್ಪು ಟ್ಯಾಂಕಿಗೂ ಪಂಪಿಗೂ ನಡುವೆ. ಆ ನಡುವಿನ ರಬ್ಬರು ಯಾವ ಕಾಲದ್ದು?

ಗಿರಣಿಮನೆ:

ಸಿಕ್ಕಿತು! ಡಬ್ಬಿಯಿಂದ ಎಳೆದಾಗ ಪಂಪು ಮಗ್ಗದ ಹಾಗೆ ಹೊಡೆಯಿತು. ನಡುವಿನ ರಬ್ಬರು ಹೋದ ವರ್ಷ ಹಾಕಿಸಿದ್ದು. ಬಿಚ್ಚಿ ಕೈಯಲ್ಲಿ ಹಿಡಿದರೆ ಬೇಯಿಸಿದ ಬೆಂಡೆಕಾಯಿ ಹಾಗೆ ಜೋತುಬೀಳುತ್ತಿದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ಪದರ ಊದಿಕೊಂಡು, ಒಂದು ಕಡೆ ಸುಲಿದು ನಾಲಿಗೆಯ ಹಾಗೆ ಒಳಕ್ಕೆ ಬಾಗಿದೆ. ಹೊರಗಿನಿಂದ ನೋಡಿದರೆ ಹೊಸದೇ. ತಂಪಿನಲ್ಲಿ ಗಟ್ಟಿಯಾಗಿ ದಾರಿ ಬಿಡುತ್ತಿತ್ತು, ಕಾವೇರಿದಾಗ ಪಂಪು ಎಳೆದಷ್ಟೂ ತಾನೇ ಅಪ್ಪಚ್ಚಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಬೆಳಗಿನ ಜಾವ ಯಾಕೆ ತೊಂದರೆ ಇರಲಿಲ್ಲ ಅಂತ ಈಗ ಅರ್ಥವಾಯಿತು. ಊರೊಳಗೆ ಅಷ್ಟು ಪೆಟ್ರೋಲೇ ಬೇಕಾಗುವುದಿಲ್ಲ.

ಕಾರ್ಬ್ಯುರೇಟರ್ ಬಾಯಲ್ಲಿರುವ ಜಾಲರಿಯಲ್ಲಿ ಕರಿ ಪುಡಿ ಸಿಕ್ಕಿದ್ದು ಟ್ಯಾಂಕಿನ ಕೊಳೆ ಅಂದುಕೊಂಡಿದ್ದೆ. ಅದು ಈ ರಬ್ಬರೇ.

ಹರಿಹರದ ಲೇತು:

ಎಥನಾಲಿನ ಕೆಲಸ. ಈಗ ಬಂಕಿನಲ್ಲಿ ಸಿಗೋದು ಇ20, ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಹಳೇ ನಮೂನೆ ರಬ್ಬರು ಅದಕ್ಕೆ ತಾಳಲ್ಲ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರೋದು ಕೇಳಿ ತಗೊಳ್ರಿ. ಒಳ ಪದರ ವೈಟಾನ್ ಜಾತಿ ರಬ್ಬರಿಂದು, ಇದಕ್ಕೆ ತಡೀತದೆ. ಮೀಟರಿಗೆ ದುಡ್ಡು ಜಾಸ್ತಿ, ಆದರೆ ನಿಮಗೆ ಬೇಕಾಗೋದು ಒಟ್ಟು ಒಂದೂವರೆ ಮೀಟರ್ ಒಳಗೆ. ಕಾರ್ಬ್ಯುರೇಟರಿನ ಬಟ್ಟಲಿನ ವಾಷರು, ಜೆಟ್ಟಿನ ಕಾರ್ಕ್ ಬುಷ್ಷು ಎಲ್ಲ ನೋಡ್ರಿ. ಗಾಡಿ ಒಂದೆರಡು ತಿಂಗಳು ನಿಲ್ಲೋದಿದ್ದರೆ ಟ್ಯಾಂಕಿನಲ್ಲಿ ಇ20 ಬಿಡಬ್ಯಾಡ್ರಿ, ಎಥನಾಲ್ ನೀರು ಎಳ್ಕೊಂಡು ತಳದಲ್ಲಿ ತುಕ್ಕು ಹಿಡಿಸ್ತದೆ.

ದುರ್ಗದಬಂಡೆ:

ನಾನು ಹೇಳಿದ್ದು ತಪ್ಪಾಯ್ತು, ಒಪ್ಕೊಂಡೆ. ನನ್ನ ಅಂಬಾಸಿಡರ್ ಪೈಪೂ ಇವತ್ತೇ ಬಿಚ್ಚಿ ನೋಡ್ತೀನಿ. ಕೋಟೆ ಹತ್ರ ಬಂದಾಗ ಫೋನ್ ಮಾಡಿ ಅಣ್ಣ, ಜೋಗಿಮಟ್ಟಿ ಏರು ಹತ್ತಿಸಿ ನೋಡೋಣ. ಗಾಡಿ ಇನ್ನು ಮಾರಲ್ಲ ತಾನೇ?

ಗಿರಣಿಮನೆ:

ಅದನ್ನು ಇನ್ನೂ ಹೇಳಲಾರೆ. ರಬ್ಬರು ಸರಿಯಾದ ಮಾತ್ರಕ್ಕೆ ಫೀಸು ಕಟ್ಟಿದ ಹಾಗಾಗುವುದಿಲ್ಲ. ಕೊಡುವುದಾದರೂ "ನಿಲ್ಲೋ ಗಾಡಿ" ಅನ್ನಿಸಿಕೊಂಡು ಕೊಡಬಾರದು ಅನ್ನುವುದಷ್ಟೇ ಗಟ್ಟಿಯಾಯಿತು.

ಕೆಎ16 ಕಾಗದಪತ್ರ:

ಸಾರ್, ಮಾರುವ ಮುಂಚೆ ಒಂದು ಪ್ರಶ್ನೆ. ಆರ್‌ಸಿ ಯಾರ ಹೆಸರಲ್ಲಿದೆ? ತಂದೆಯವರ ಹೆಸರಲ್ಲೇ ಇದ್ದರೆ ಇವತ್ತಿಗೆ ನೀವು ಯಾರಿಗೂ ಮಾರುವ ಹಾಗಿಲ್ಲ. ಮೊದಲು ಫಾರಂ 31 ಹಾಕಿ, ವಾರಸುದಾರರಾಗಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ತಾಯಿ ಮತ್ತು ಒಡಹುಟ್ಟಿದವರ ಒಪ್ಪಿಗೆ ಪತ್ರ ಜೊತೆಗಿರಲಿ. ಮೂರು ತಿಂಗಳೊಳಗೆ ಹಾಕಬೇಕಿತ್ತು, ತಡವಾಗಿದ್ದರೆ ದಂಡ ಕಟ್ಟಬೇಕಾಗುತ್ತದೆ. ಮಾರಾಟದ ವರ್ಗಾವಣೆಗೆ ಬೇಕಾದ ಫಾರಂ 29, 30 ಬರುವುದು ಅದಾದ ಮೇಲೆ. ಖಾಲಿ ಫಾರಂ 29ಕ್ಕೆ ಸಹಿ ಹಾಕಿ ಕೊಡಿ ಅಂತ ಯಾರೇ ಕೇಳಿದರೂ ಕೊಡಬೇಡಿ.

ಎರಡನೆಯದು, 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ಗಾಡಿಗಳಿಗೇ ಬೇರೆ ನಿಯಮ ತಂದಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಯಾಗಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ಈಗಾಗಲೇ ನೋಂದಣಿ ಆಗಿರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಅಂತ ಮಾತ್ರ. ನಿಮ್ಮ ಗಿರಾಕಿ ಇಸುಜು ಕೂರಿಸಿದರೆ ಆ ದಾರಿ ಮುಚ್ಚಿತು. ಚಾಸಿ, ಬಾಡಿ, ಇಂಜಿನ್ ಮಾರ್ಪಾಡಾದ ಗಾಡಿಯನ್ನು ವಿಂಟೇಜ್ ಅಂತ ಒಪ್ಪುವುದಿಲ್ಲ.

ಚಾಸಿ ನಂಬರು, ಇಂಜಿನ್ ನಂಬರು ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿಗೆ ಹೊಂದಿಸಿ ನೋಡಿದ್ದೀರಾ?

ಗಿರಣಿಮನೆ:

ಆರ್‌ಸಿ ಅಪ್ಪನ ಹೆಸರಲ್ಲೇ ಇದೆ, ಮೈಸೂರು ರಾಜ್ಯದ ಕಾಲದ "ಎಂವೈ" ನಂಬರು. ಆ ನಂಬರು ಉಳಿಯುತ್ತದೆ ಎಂದು ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ, ಬಹಳ ಖುಷಿಪಟ್ಟರು.

ಪೆನ್ಸಿಲ್ ಪ್ರಿಂಟ್ ಇವತ್ತು ತೆಗೆದೆ. ಚಾಸಿ ನಂಬರು ತಾಳೆಯಾಯಿತು. ಇಂಜಿನ್ ನಂಬರು ಆಗಲಿಲ್ಲ. ಆರ್‌ಸಿಯಲ್ಲಿ 15ಜಿ ಅಂತ ಶುರುವಾಗುತ್ತದೆ, ಗಾಡಿಯಲ್ಲಿರುವುದು ಬೇರೇನೋ. ಅಪ್ಪನ ಲೆಕ್ಕದ ಪುಸ್ತಕ ಹುಡುಕಿದೆ. 1984ರ ಒಂದು ಪುಟದಲ್ಲಿ "ಬ್ಲಾಕ್ ಸೀಳು, ಅಂಬಾಸಿಡರ್ ಬ್ಲಾಕ್ ಜೋಡಣೆ" ಎಂದು ಅವರದೇ ಅಕ್ಷರ. ಅಂದರೆ ಇಂಜಿನ್ನಿನ ಮುಖ್ಯ ಮೈಯೇ ಅಂಬಾಸಿಡರಿನದು. ನಾಲ್ಕು ವರ್ಷ ಇದೇ ಇಂಜಿನ್ ಬಿಚ್ಚಿ ಜೋಡಿಸಿದ್ದೇನೆ, ನನಗೆ ಗೊತ್ತಾಗಲಿಲ್ಲ. ಎರಡೂ ಅಷ್ಟು ಒಂದೇ ಥರ.

ಇದನ್ನು ಮುಚ್ಚಿಟ್ಟು ಮಾರಲಾರೆ. ಬೆಂಗಳೂರಿನವರಿಗೆ ಫೋನ್ ಮಾಡಿ ಹೇಳಿದೆ. ಅವರು ದರ ಇನ್ನೂ ಇಳಿಸಿದರು. ಸದ್ಯಕ್ಕೆ ಬೇಡ ಸಾರ್ ಅಂದೆ. ಫೀಸಿಗೆ ಸೊಸೈಟಿಯಲ್ಲಿ ಸಾಲ ಕೇಳಿದ್ದೇನೆ.

ಕೆಎ16 ಕಾಗದಪತ್ರ:

ಹೇಳಿದ್ದು ಒಳ್ಳೆಯದಾಯಿತು ಸಾರ್. ಇಂಜಿನ್ ಬದಲಾಗಿರುವುದನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಏರಿಸಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಫ್ಯಾಕ್ಟರಿ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಗಾಡಿ ಹೊರಬಿದ್ದಾಗಿನ ಬಣ್ಣ, ಇಂಜಿನ್ ನಂಬರು ಅದರಲ್ಲಿರುತ್ತದೆ. ಮಾರಿದರೂ ಇಟ್ಟುಕೊಂಡರೂ ತರಿಸಿ.

ಹರಿಹರದ ಲೇತು:

ಒಂದು ಕೇಳ್ತೀನಿ. ಆ ಸೀಳಿದ ಬ್ಲಾಕನ್ನ ನಿಮ್ಮ ತಂದೆ ಗುಜರಿಗೆ ಹಾಕಿದರಾ? ಫಿಟ್ಟರ್ ಅಂದಿರಿ. ನಮ್ಮಂಥವರು ಬೀಡು ಕಬ್ಬಿಣ ಸುಮ್ಮನೆ ಎಸೆಯಲ್ಲ.

ಗಿರಣಿಮನೆ:

ಅಣ್ಣ, ಈಗಷ್ಟೇ ಹಿತ್ತಲಿಗೆ ಹೋಗಿ ಬಂದೆ. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಗೋಣಿತಾಟು ಸುತ್ತಿದ ಒಂದು ಭಾರದ ಗಂಟು ನನ್ನ ಚಿಕ್ಕಂದಿನಿಂದಲೂ ಇತ್ತು, ಅದರ ಮೇಲೆ ಕೂತು ಆಡಿದ್ದೇವೆ. ಬಿಚ್ಚಿದರೆ ಮಂದವಾಗಿ ಗ್ರೀಸ್ ಬಳಿದ ಬ್ಲಾಕು. ನಂಬರಿನ ತಗಡು ಇನ್ನೂ ರಿವೆಟ್ಟಿನಲ್ಲಿದೆ. 15ಜಿ, ಮುಂದಿನ ಅಂಕಿಗಳೂ ಆರ್‌ಸಿಯಲ್ಲಿದ್ದ ಹಾಗೇ ಇವೆ. ಸೀಳು ಹೊರಮಗ್ಗುಲಿನ ನೀರಿನ ಜಾಕೆಟ್ಟಿನ ಮೇಲೆ, ನಾಲ್ಕು ಇಂಚು ಉದ್ದ.

ಹರಿಹರದ ಲೇತು:

ಸಿಲಿಂಡರ್ ಗೋಡೆಗೆ ತಾಗಿಲ್ಲ ಅಂದರೆ ಹೊಲಿಯಬಹುದು. ವೆಲ್ಡಿಂಗ್ ಮಾಡಿಸೋಕೆ ಹೋಗಬ್ಯಾಡ್ರಿ, ಬೀಡು ಕಾವಿಗೆ ಮತ್ತೆ ಪಕ್ಕದಲ್ಲಿ ಬಿಡ್ತದೆ. ಸೀಳಿನ ಉದ್ದಕ್ಕೂ ತೂತು ಕೊರೆದು, ಆಟೆ (ತಿರುಪಿನ ಗೆರೆ) ಹಾಕಿ, ಒಂದರ ಮೇಲೊಂದು ಏರೋ ಹಾಗೆ ತಿರುಪು ಕೂರಿಸಿ ತಣ್ಣಗೇ ಮುಚ್ಚೋದು. ಆಮೇಲೆ ನೀರು ತುಂಬಿ ಒತ್ತಡ ಕೊಟ್ಟು ನೋಡೋಣ. ಗ್ರೀಸ್ ಒರೆಸಬ್ಯಾಡ್ರಿ, ಹಾಗೇ ಇರಲಿ. ಭಾನುವಾರ ಬೆಳಗ್ಗೆ ಲಗೇಜ್ ಆಟೋದಲ್ಲಿ ಹಾಕ್ಕೊಂಡು ಬರ್ರಿ, ಜೊತೆಗೆ ಇಬ್ಬರು ಹುಡುಗರು ಇರಲಿ.