ಅಜ್ಜಿಯ ಗುಂಡಿ ಡಬ್ಬಿ

ನಮ್ಮ ಮನೆಯವರ ಗುಂಪು, ಭಾನುವಾರ ಬೆಳಿಗ್ಗೆ.

ದೊಡ್ಡಪ್ಪ: *ಫ್ರಾನ್ಸಿನ ಮಕ್ಕಳ ಹೊಸ ಹುಚ್ಚಾಟ!! ಕಟ್ಟಿಹಾಕಿ ಅಂಗಿಯ ಗುಂಡಿ ಕೀಳುತ್ತಾರೆ. ಹತ್ತು ಗುಂಪಿಗೆ ಕಳಿಸಿ.*

ದೊಡ್ಡಪ್ಪ: ಎಲ್ಲರೂ ನೋಡಿ. ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಇದೇ ಗತಿ.

ಭಾವ: ಎಲ್ಲಿಯ ಸುದ್ದಿ ದೊಡ್ಡಮಾವ? ಯಾವ ಪೇಪರು? ವಿಡಿಯೊ ಕಪ್ಪು ಬಿಳುಪಲ್ಲಿದೆ, ಹೊಸದು ಹೇಗಾಗುತ್ತೆ?

ದೊಡ್ಡಪ್ಪ: ನಿಮಗೆ ಎಲ್ಲದಕ್ಕೂ ಪೇಪರು ಬೇಕು ಅಳಿಯಂದಿರೇ.

ನಾನು: ಇದು ಸಿನಿಮಾ ದೊಡ್ಡಪ್ಪ. ‘ಲಾ ಗೇರ್ ದೆ ಬೂತೋಂ’, ಅಂದ್ರೆ ಗುಂಡಿಗಳ ಯುದ್ಧ. 1962ರದ್ದು, ಈವ್ ರೊಬೇರ್ ನಿರ್ದೇಶನ. ಲೂಯಿ ಪೆರ್ಗೋ 1912ರಲ್ಲಿ ಬರೆದ ಕಾದಂಬರಿ. ಅಕ್ಕಪಕ್ಕದ ಎರಡು ಹಳ್ಳಿಯ ಹುಡುಗರ ಜಗಳ. ಸಿಕ್ಕಿಬಿದ್ದವನ ಗುಂಡಿ, ಶೂ ಲೇಸು ಎಲ್ಲ ಕತ್ತರಿಸಿ ಕಳಿಸುತ್ತಾರೆ. ನಿಜವಾದ ಏಟು ಬೀಳುವುದು ಮನೆಗೆ ಹೋದ ಮೇಲೆ!

ಭಾವ: ಗೂಗಲ್ ಮಾಡಿದೆ. 2011ರಲ್ಲಿ ಇದೇ ಕಥೆಗೆ ಎರಡು ಸಿನಿಮಾ, ಒಂದೇ ವಾರದ ಅಂತರದಲ್ಲಿ. ನೀನು ಹೇಳುತ್ತಿರುವುದು ಯಾವುದು?

ನಾನು: ಹಳೆಯದು ಭಾವ. ಅದನ್ನೇ ನೋಡಬೇಕು.

ದೊಡ್ಡಪ್ಪ: ಸಿನಿಮಾದಲ್ಲಿದ್ದರೂ ಕೆಟ್ಟದ್ದು ಕೆಟ್ಟದ್ದೇ. ಬರೆದವನಿಗೆ ಮಕ್ಕಳ ಬಗ್ಗೆ ಏನು ಗೊತ್ತು?

ನಾನು: ಅವರೂ ನಿಮ್ಮ ಹಾಗೆ ಹಳ್ಳಿ ಶಾಲೆ ಮೇಷ್ಟ್ರು. 1915ರಲ್ಲಿ, 33ನೇ ವಯಸ್ಸಿಗೆ, ಮಹಾಯುದ್ಧದಲ್ಲಿ ಸತ್ತರು.

ಪುಟ್ಟಣ್ಣ: ಗುಂಡಿ ಅಂದ ಕೂಡಲೇ ಅಜ್ಜಿಯ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಹಳೇ ಅಂಗಿ ನೆಲ ಒರೆಸಲು ಹೋಗುವ ಮೊದಲು ಗುಂಡಿ ಡಬ್ಬಿಗೆ ಬೀಳುತ್ತಿತ್ತು. ನನ್ನ ಯೂನಿಫಾರ್ಮಿಗೆ ಎರಡು ಬಿಳಿ, ಒಂದು ಕಂದು. ಮೇಲಿನದು ಅಜ್ಜನ ಕೋಟಿನದ್ದು. ಕಾಜಾದಲ್ಲಿ ತೂರುತ್ತಲೇ ಇರಲಿಲ್ಲ.

ಅತ್ತೆ: ಆ ಡಬ್ಬಿ ಈಗ ಯಾರ ಹತ್ರ ಇದೆ? ಮನೆ ಖಾಲಿ ಮಾಡಿದ ದಿನ ನನಗೆ ಒಂದು ಲೋಟವೂ ಸಿಗಲಿಲ್ಲ.

ದೊಡ್ಡಪ್ಪ: ಆ ಮಾತು ಇಲ್ಲಿ ಬೇಡ.

ಅತ್ತೆ: ಯಾಕೆ ಬೇಡ ಅಣ್ಣ? ತಾಮ್ರದ ಹಂಡೆ ನಿನ್ನ ಮನೆಗೇ ಹೋಯಿತಲ್ಲ.

ಭಾವ: ದೊಡ್ಡಮಾವ, ಮೊದಲು ಆ ಮೆಸೇಜ್ ಡಿಲೀಟ್ ಮಾಡಿ. ಬೆಂಡೆಕಾಯಿ ನೀರಿನ ವಿಷಯದಲ್ಲೂ ಹೀಗೇ ಆಗಿತ್ತು.

ದೊಡ್ಡಪ್ಪ: ನನ್ನ ಅರುವತ್ತರ ಶಾಂತಿಗೆ ಊಟ ಮುಗಿದ ಮೇಲೆ ಬಂದವರು ನೀವು. ನನಗೆ ಬುದ್ಧಿ ಹೇಳಬೇಡಿ.

ನಾನು: ಜಗಳ ಬಿಟ್ಟು ಒಂದು ಸಲ ಪೂರ್ತಿ ನೋಡಿ, ದಯವಿಟ್ಟು. ಲೆಬ್ರಾಕ್ ಅಂತ ಒಬ್ಬ ಹುಡುಗ, ಒಂದು ಹಳ್ಳಿಯ ಪಡೆಗೆ ನಾಯಕ. ಕೊನೆಗೆ ಅವನನ್ನು ಹಾಸ್ಟೆಲಿಗೆ ಹಾಕುತ್ತಾರೆ. ಅಲ್ಲಿ ನೋಡಿದರೆ ಎದುರು ಹಳ್ಳಿಯ ನಾಯಕನೂ ಇದ್ದಾನೆ! ಇಬ್ಬರೂ ತಬ್ಬಿಕೊಳ್ಳುತ್ತಾರೆ. ಅಷ್ಟು ಹೊತ್ತು ನಕ್ಕವಳು ಅಲ್ಲಿ ಅತ್ತುಬಿಟ್ಟೆ.

ಅತ್ತೆ: ಡಬ್ಬಿ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಅಮ್ಮ: ನನ್ನ ಹತ್ರ ಇದೆ. ನಿಮ್ಮಮ್ಮ ಆಸ್ಪತ್ರೆಗೆ ಹೊರಟ ದಿನ ನನ್ನ ಕೈಗೆ ಕೊಟ್ಟರು. ಸೂಜಿ ದಾರವೂ ಹಾಗೇ ಇದೆ.

ಅತ್ತೆ: ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತಿಗೆ?

ಅಮ್ಮ: ಯಾರೂ ಕೇಳಲಿಲ್ಲ.

ದೊಡ್ಡಪ್ಪ: ಅಪ್ಪನ ಕೋಟಿನ ಗುಂಡಿ ಅದರಲ್ಲಿ ಇನ್ನೂ ಇದೆಯಾ, ಸ್ವಲ್ಪ ನೋಡಮ್ಮ.