ದ್ರೋಣಗಿರಿಯಲ್ಲಿ ಮನೆ, ಫೋರ್ಟ್‌ನಲ್ಲಿ ಕೆಲಸ: ಅಟಲ್ ಸೇತುವಿನ ಟೋಲ್ ಸೇರಿಸಿದರೆ ಲೆಕ್ಕ ಹೊಂದುತ್ತದೆಯೇ?

ಚೆಂಬೂರಿನ ಬಾಡಿಗೆದಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯ ವಿಷಯದಲ್ಲಿ ಒಂದು ನಿರ್ಧಾರಕ್ಕೆ ಬರಲಾಗದೆ ನಿಮ್ಮೆಲ್ಲರ ಸಲಹೆ ಕೇಳುತ್ತಿದ್ದೇನೆ. ನಾನು ದಕ್ಷಿಣ ಮುಂಬೈಯ ಫೋರ್ಟ್‌ನ ಒಂದು ಕಚೇರಿಯಲ್ಲಿ ಉದ್ಯೋಗದಲ್ಲಿದ್ದು, ಒಂಬತ್ತು ವರ್ಷಗಳಿಂದ ಚೆಂಬೂರಿನಲ್ಲಿ ಬಾಡಿಗೆಗೆ ಇದ್ದೇನೆ. ಕೆಲಸಕ್ಕೆ ಹೋಗಿಬರುವುದು ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ. ಕಾರು ಇದೆ, ಆದರೆ ಅದು ಹೊರಗೆ ಬರುವುದು ಭಾನುವಾರ ಮಾತ್ರ. ಮನೆಯಲ್ಲಿ ಹೆಂಡತಿ, ಏಳನೆಯ ತರಗತಿಯಲ್ಲಿ ಓದುವ ಮಗಳು ಮತ್ತು ಎಪ್ಪತ್ತನಾಲ್ಕು ವರ್ಷದ ತಾಯಿ ಇದ್ದಾರೆ.

ಮನೆಯ ಮಾಲೀಕರು ಈ ಬಾರಿ ಕರಾರನ್ನು ನವೀಕರಿಸುವುದಿಲ್ಲ ಎಂದು ತಿಳಿಸಿದ್ದಾರೆ. ಇನ್ನೊಂದು ಬಾಡಿಗೆ ಮನೆಗೆ ಸಾಮಾನು ಹೊರುವ ಬದಲು ಸ್ವಂತ ಮನೆಯನ್ನೇ ಕೊಳ್ಳೋಣ ಎಂದುಕೊಂಡೆವು. ಚೆಂಬೂರಿನಲ್ಲಿ ನಮ್ಮ ಕೈಗೆ ಎಟಕುವುದು ಹಳೆಯ ಕಟ್ಟಡವೊಂದರ ಒಂದು ಕೋಣೆಯ ಮನೆ ಮಾತ್ರ. ಅದಕ್ಕಿಂತ 30 ಲಕ್ಷ ಕಡಿಮೆ ಸಾಲದಲ್ಲಿ ಉರಣ್ ಕಡೆಯ ದ್ರೋಣಗಿರಿಯಲ್ಲಿ ಎರಡು ಕೋಣೆಗಳ ಹೊಸ ಮನೆ ಸಿಗುತ್ತಿದೆ. ಮುಂಬೈಯ ಶಿವಡಿಯನ್ನು ಸಮುದ್ರದ ಮೇಲೆ ಉರಣ್ ಕಡೆಗೆ ಜೋಡಿಸುವ ಅಟಲ್ ಸೇತುವಿನ ಹೆಸರನ್ನು ದಲ್ಲಾಳಿಯವರು ಪ್ರತಿ ಮಾತಿಗೂ ಹೇಳುತ್ತಾರೆ. ಸೇತುವೆ ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಶಿವಡಿ ಎಂಬುದು ಅವರ ವಾದ.

ಕಳೆದ ಭಾನುವಾರ ಮನೆ ನೋಡಲು ಎಲ್ಲರೂ ಕಾರಿನಲ್ಲಿ ಹೋದೆವು. ಆ ಸೇತುವೆಯಲ್ಲಿ ಟೋಲ್‌ಗಾಗಿ ಎಲ್ಲಿಯೂ ನಿಲ್ಲಬೇಕಾಗಿಲ್ಲ. ಮೇಲೆ ಕ್ಯಾಮೆರಾಗಳಿರುವ ಕಮಾನಿನ ಕೆಳಗೆ ಓಡುತ್ತಿರುವಾಗಲೇ ಫಾಸ್ಟ್ಯಾಗ್‌ನಿಂದ ಹಣ ಕಡಿತವಾಗುತ್ತದೆ. ಫೋನು ಟಿಣ್ ಎಂದಿತು, 250 ರೂಪಾಯಿ. ಸಂಜೆ ಹಿಂದಿರುಗುವಾಗ ಮತ್ತೊಮ್ಮೆ ಟಿಣ್ ಎಂದಿತು, 125 ರೂಪಾಯಿ. ಹಿಂದಿನ ಸೀಟಿನಲ್ಲಿ ಅಷ್ಟು ಹೊತ್ತು ಸಮುದ್ರ ನೋಡುತ್ತ ಕುಳಿತಿದ್ದ ಅಮ್ಮ, "ಈಗ ಎಷ್ಟು ಹೋಯ್ತಪ್ಪಾ?" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಟೋಲನ್ನು ರಸ್ತೆಯ ಖರ್ಚೆಂದು ಬದಿಗಿಡಬೇಕೇ, ಅಥವಾ ಮನೆಯ ಬೆಲೆಯಲ್ಲಿಯೇ ಸೇರಿಸಿ ನೋಡಬೇಕೇ? ಇಂಥ ಲೆಕ್ಕ ಮಾಡಿ ಮನೆ ಬದಲಿಸಿದವರು ದಯವಿಟ್ಟು ತಿಳಿಸಿ.

ವಾಶಿಯ ಲೆಕ್ಕಪರಿಶೋಧಕಿ:

ಮನೆಯ ಬೆಲೆಯಲ್ಲಿಯೇ ಸೇರಿಸಬೇಕು. ಸಾಲದ ಕಂತು ಹೇಗೆ ತಪ್ಪದೆ ಪ್ರತಿ ತಿಂಗಳು ಹೋಗುತ್ತದೆಯೋ ಟೋಲ್ ಕೂಡ ಹಾಗೆಯೇ ಹೋಗುತ್ತದೆ. ನಿಮ್ಮದೇ ಅಂಕಿಗಳನ್ನು ಹಿಡಿದು ಲೆಕ್ಕ ಮಾಡಿದ್ದೇನೆ, ಒಮ್ಮೆ ನೋಡಿ.

ತಿಂಗಳಿಗೆ 22 ದಿನ ಕಚೇರಿ ಎಂದುಕೊಂಡರೆ, ಹೋಗಿಬರುವ ಟೋಲ್ 375 ರೂಪಾಯಿಯಂತೆ 8,250 ರೂಪಾಯಿ ಆಗುತ್ತದೆ. ದ್ರೋಣಗಿರಿಯಿಂದ ಫೋರ್ಟ್‌ಗೆ ಒಂದು ಬದಿಗೆ ಸುಮಾರು 40 ಕಿಲೋಮೀಟರ್, ಅಂದರೆ ತಿಂಗಳಿಗೆ 1,760 ಕಿಲೋಮೀಟರ್. ಕಾರು ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ 117 ಲೀಟರ್ ಪೆಟ್ರೋಲ್ ಬೇಕು, ಮುಂಬೈಯ ದರದಲ್ಲಿ ಅದಕ್ಕೆ 12,000 ರೂಪಾಯಿಗೂ ಹೆಚ್ಚು. ಎರಡೂ ಸೇರಿ 20,000 ದಾಟಿತು. ಫೋರ್ಟ್‌ನಲ್ಲಿ ಕಾರು ನಿಲ್ಲಿಸುವ ಖರ್ಚು, ಟೈರು, ಸರ್ವಿಸ್ ಇವನ್ನು ನಾನಿನ್ನೂ ಹಿಡಿದಿಲ್ಲ.

ಇನ್ನು ಸಾಲದ ಕಡೆ ಬನ್ನಿ. ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಲಕ್ಷಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ ಕಂತು ಬರುತ್ತದೆ. ನೀವು ಉಳಿಸುವ 30 ಲಕ್ಷಕ್ಕೆ ಅದು 26,000 ರೂಪಾಯಿ. ಅದರಲ್ಲಿ 20,000 ಸೇತುವೆಗೂ ಪೆಟ್ರೋಲಿಗೂ ಹೋದರೆ ಕೈಯಲ್ಲಿ ಉಳಿಯುವುದು 6,000ದ ಒಳಗೆ. ಪಾರ್ಕಿಂಗ್ ಸೇರಿಸಿದರೆ ಅದೂ ಉಳಿಯುವುದು ಅನುಮಾನ. ಬೇರೆ ರೀತಿ ಹೇಳುವುದಾದರೆ, ಟೋಲ್ ಒಂದೇ ಒಂಬತ್ತೂವರೆ ಲಕ್ಷದ ಸಾಲಕ್ಕೆ ಸಮ. ಕಂತು ಇಪ್ಪತ್ತು ವರ್ಷಕ್ಕೆ ತೀರುತ್ತದೆ, ಟೋಲ್ ದರ ಮಾತ್ರ ಆಗಾಗ ಪರಿಷ್ಕರಣೆಗೆ ಬರುತ್ತದೆ.

ಪಾಸ್ ಮಾಡಿಸಿದರೆ ಅಗ್ಗವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಭಾಗಿಸಿ ನೋಡಿ. ಕಾರಿಗೆ ತಿಂಗಳ ಪಾಸ್ 12,500 ರೂಪಾಯಿ. ಅದನ್ನು 375ರಿಂದ ಭಾಗಿಸಿದರೆ 33 ಬರುತ್ತದೆ. ತಿಂಗಳಲ್ಲಿ 33ಕ್ಕಿಂತ ಹೆಚ್ಚು ಸಲ ಹೋಗಿಬರುವವರಿಗೆ ಮಾತ್ರ ಪಾಸಿನಿಂದ ಲಾಭ, ದಿನಕ್ಕೊಮ್ಮೆ ಕಚೇರಿಗೆ ಹೋಗುವವರಿಗೆ ನಷ್ಟ. 1,25,000 ರೂಪಾಯಿಯ ವಾರ್ಷಿಕ ಪಾಸಿನ ಕಥೆಯೂ ಇದೇ: ದಿನದಿನದ ಟೋಲ್ ಕಟ್ಟಿದರೆ ನಿಮಗೆ ವರ್ಷಕ್ಕೆ 99,000 ರೂಪಾಯಿ ಸಾಕು. ನನ್ನ ಒಬ್ಬ ಕಕ್ಷಿದಾರರು ಪಾಸ್ ಎಂಬ ಹೆಸರಿಗೇ ಮರುಳಾಗಿ ನಾಲ್ಕು ತಿಂಗಳು ಹೆಚ್ಚಿಗೆ ಹಣ ಕಟ್ಟಿದ್ದರು.

ನೀವು ದ್ರೋಣಗಿರಿಯಿಂದಲೂ ರೈಲಿನಲ್ಲಿಯೇ ಹೋಗುವುದಾದರೆ ಲೆಕ್ಕ ಪೂರ್ತಿ ಬೇರೆ. ಆಗ 26,000ದ ಹೆಚ್ಚು ಪಾಲು ನಿಮ್ಮ ಬಳಿಯೇ ಉಳಿಯುತ್ತದೆ. ಆದ್ದರಿಂದ ನೀವು ಮೊದಲು ತೀರ್ಮಾನಿಸಬೇಕಾದುದು ಮನೆಯನ್ನಲ್ಲ, ಹೋಗುವ ದಾರಿಯನ್ನು.

ಠಾಣೆಯ ಓದುಗ:

ಟೋಲ್ ರದ್ದಾದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. 2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ ಮುಂಬೈಯ ಐದು ಪ್ರವೇಶ ದ್ವಾರಗಳಲ್ಲಿ, ಅಂದರೆ ವಾಶಿ, ಐರೋಳಿ, ದಹಿಸರ್ ಮತ್ತು ಮುಲುಂಡ್‌ನ ಎರಡು ನಾಕಾಗಳಲ್ಲಿ, ಕಾರುಗಳಿಗೆ ಟೋಲ್ ನಿಂತಿತು. ಅದಕ್ಕೂ ಮೊದಲು ನಾನು ಮುಲುಂಡ್‌ನ ಆನಂದನಗರ ನಾಕಾದಲ್ಲಿ ಪ್ರತಿ ಸಲವೂ 45 ರೂಪಾಯಿ ಕೊಡುತ್ತಿದ್ದೆ. ತಿಂಗಳಿಗೆ ಎರಡು ಸಾವಿರದ ಹತ್ತಿರ ಉಳಿಯಿತೆಂದು ನಿಜವಾಗಿಯೂ ಸಂತೋಷಪಟ್ಟೆವು. ಮುಂದಿನ ಹನ್ನೊಂದು ತಿಂಗಳ ಕರಾರಿನ ಸಮಯದಲ್ಲಿ ಮನೆಯ ಮಾಲೀಕರು ಬಾಡಿಗೆಯನ್ನು ಎರಡು ಸಾವಿರ ಏರಿಸಿ, "ನಿಮಗೆ ಈಗ ಟೋಲ್ ಉಳಿಯುತ್ತದಲ್ಲ" ಎಂದರು. ಟೋಲ್ ಹೋದರೆ ಅದರ ಲಾಭ ಮೊದಲೇ ಮನೆ ಕೊಂಡವರಿಗೆ ಸಿಗುತ್ತದೆ, ಬಾಡಿಗೆಯವರಿಗೆ ಹೆಚ್ಚು ದಿನ ನಿಲ್ಲುವುದಿಲ್ಲ. ಈ ಒಂದು ಅಂಶ ಕೊಳ್ಳುವವರ ಪರವಾಗಿದೆ. ಆದರೆ ಅಟಲ್ ಸೇತುವಿನ ಟೋಲೂ ಮುಂದೆ ರದ್ದಾಗಬಹುದೆಂಬ ಆಸೆಯ ಮೇಲೆ ಇಪ್ಪತ್ತು ವರ್ಷದ ಸಾಲ ಮಾಡಬೇಡಿ.

ವಾಶಿಯ ಹಿರಿಯರು:

ನಿಮ್ಮ ಪ್ರಶ್ನೆ ಓದಿ ನನಗೆ 1983ನೆಯ ಇಸವಿ ನೆನಪಾಯಿತು. ಮಾಟುಂಗದ ಚಾಳಿನಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಇದ್ದ ನಾವು, ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋದ ಮನೆ ಸಿಕ್ಕಿತೆಂದು ವಾಶಿಗೆ ಬಂದೆವು. ಮುಂಬೈಗೂ ವಾಶಿಗೂ ನಡುವೆ ಇರುವ ಸಮುದ್ರದ ಕಿರುಕೊಲ್ಲಿ, ಅಂದರೆ ಠಾಣೆ ಖಾರಿಯ ಮೇಲೆ ಮೊದಲ ಸೇತುವೆ 1973ರಲ್ಲಿಯೇ ಆಗಿತ್ತು. ಸೇತುವೆ ಇದ್ದ ಮೇಲೆ ಇನ್ನೇನು ಬೇಕು ಎಂದು ನಮಗೂ ಎಲ್ಲರೂ ಹೇಳಿದ್ದರು. ಆದರೆ ರೈಲು ಮಾನಖುರ್ದ್‌ನಲ್ಲಿ ನಿಲ್ಲುತ್ತಿತ್ತು. ಬೆಳಿಗ್ಗೆ ಬಸ್ಸಿಗೆ ಸಾಲಿನಲ್ಲಿ ನಿಂತು, ಖಾರಿ ದಾಟಿ, ಮಾನಖುರ್ದ್‌ನಲ್ಲಿ ಲೋಕಲ್ ಹಿಡಿದು ಕಚೇರಿ ಸೇರುವಷ್ಟರಲ್ಲಿ ಅರ್ಧ ದಿನದ ಶಕ್ತಿ ಮುಗಿದಿರುತ್ತಿತ್ತು. ಮಳೆಗಾಲದಲ್ಲಿ ಬಸ್ಸು ಬಾರದ ದಿನ ಅರ್ಧ ಸಂಬಳ ಕಡಿತ. ನಮ್ಮೊಂದಿಗೆ ಬಂದ ಎರಡು ಕುಟುಂಬಗಳು ಮನೆಗೆ ಬೀಗ ಹಾಕಿ ಮತ್ತೆ ಸಯನ್ ಕಡೆ ಬಾಡಿಗೆಗೆ ಹೋದವು.

ವಾಶಿಗೆ ರೈಲು ಬಂದದ್ದು 1992ರಲ್ಲಿ, ಸೇತುವೆಯಾದ ಹತ್ತೊಂಬತ್ತು ವರ್ಷಗಳ ಮೇಲೆ. ಊರು ಊರಾದದ್ದು ಆಗ. ಹೋಟೆಲುಗಳು ಬಂದವು, ಶಾಲೆಗಳು ತುಂಬಿದವು, ಬೀಗ ಹಾಕಿ ಹೋದವರ ಮನೆಗಳಲ್ಲಿ ದೀಪ ಹತ್ತಿತು. ಕಾರಿರುವವರನ್ನು ಸೇತುವೆ ದಾಟಿಸುತ್ತದೆ ನಿಜ. ಆದರೆ ಮನೆಯಲ್ಲಿ ಕಾರು ಓಡಿಸುವವರು ಎಷ್ಟು ಜನ ಎಂಬುದನ್ನೂ ನೋಡಬೇಕು. ಅಟಲ್ ಸೇತುವಿನ ಮೇಲೆ ದ್ವಿಚಕ್ರ ವಾಹನಕ್ಕೂ ರಿಕ್ಷಾಕ್ಕೂ ಪ್ರವೇಶವಿಲ್ಲ. ನಾಳೆ ನಿಮ್ಮ ಮಗಳು ಕಾಲೇಜಿಗೆ ಹೋಗುವಾಗ ಆ ಸೇತುವೆ ಅವಳ ಪಾಲಿಗೆ ಇದ್ದೂ ಇಲ್ಲದಂತೆ. ನಿಮ್ಮ ಅದೃಷ್ಟ ನಮ್ಮದಕ್ಕಿಂತ ಒಳ್ಳೆಯದು: ಅಟಲ್ ಸೇತು ಉದ್ಘಾಟನೆಯಾದ 2024ರ ಜನವರಿ 12ರಂದೇ ಖಾರ್‌ಕೋಪರ್‌ನಿಂದ ಉರಣ್‌ವರೆಗಿನ ರೈಲು ಮಾರ್ಗವೂ ಉದ್ಘಾಟನೆಯಾಗಿದೆ. ಮನೆ ನೋಡಲು ಕಾರಿನಲ್ಲಿ ಹೋದಿರಿ. ಇನ್ನೊಮ್ಮೆ ರೈಲಿನಲ್ಲಿ ಹೋಗಿ, ಅದೂ ರಜೆ ಇಲ್ಲದ ದಿನ.

ದ್ರೋಣಗಿರಿಯ ಗೃಹಿಣಿ:

ನಾವು ಇಲ್ಲಿಗೆ ಬಂದು ಎರಡು ವರ್ಷಗಳಾದವು, ಆದ್ದರಿಂದ ನಾನು ಇರುವುದನ್ನು ಇರುವ ಹಾಗೆ ಬರೆಯುತ್ತೇನೆ. ಮನೆ ದೊಡ್ಡದು, ಗಾಳಿ ಚೆನ್ನಾಗಿದೆ, ಮಗ ಕೆಳಗೆ ಆಡುತ್ತಾನೆ. ಡೋಂಬಿವಲಿಯ ಬಾಡಿಗೆ ಮನೆಯಲ್ಲಿ ಇದೊಂದೂ ಇರಲಿಲ್ಲ. ನನ್ನ ಯಜಮಾನರ ಕಚೇರಿ ಬಲ್ಲಾರ್ಡ್ ಎಸ್ಟೇಟ್‌ನಲ್ಲಿದೆ. ಮೊದಲ ಮೂರು ತಿಂಗಳು ಕಾರಿನಲ್ಲಿ ಅಟಲ್ ಸೇತು ದಾಟಿದರು. ಮೂರನೆಯ ತಿಂಗಳ ಬ್ಯಾಂಕಿನ ಲೆಕ್ಕ ಬಂದಾಗ ಇಬ್ಬರೂ ಅಡಿಗೆಮನೆಯ ಮೇಜಿನ ಮುಂದೆ ಕುಳಿತು ಫಾಸ್ಟ್ಯಾಗ್‌ನ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಒಂದೊಂದಾಗಿ ಗುರುತು ಮಾಡಿದೆವು. ಅಂದಿನಿಂದ ಕಾರು ನಿಂತಿತು.

ಈಗ ಅವರು ರೈಲಿನಲ್ಲಿ ನೆರೂಳ್‌ಗೆ ಹೋಗಿ, ಅಲ್ಲಿ ಹಾರ್ಬರ್ ಲೈನಿಗೆ ಬದಲಿಸಿ ಫೋರ್ಟ್ ಬಳಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುತ್ತಾರೆ. ರೈಲಿನ ಪಾಸಿನ ಖರ್ಚು ಟೋಲ್‌ನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮನೆಯಿಂದ ಕುರ್ಚಿಯವರೆಗೆ ಎರಡು ಗಂಟೆ ಹಿಡಿಯುತ್ತದೆ. ಉರಣ್ ಲೈನಿನ ಗಾಡಿಗಳು ಹಾರ್ಬರ್ ಲೈನಿನ ಹಾಗೆ ಒಂದರ ಹಿಂದೆ ಒಂದು ಬರುವುದಿಲ್ಲ. ಒಂದು ತಪ್ಪಿದರೆ ಅಂದಿನ ಬೆಳಗು ಕೆಟ್ಟ ಹಾಗೆಯೇ. ನಮ್ಮ ಮನೆಯಲ್ಲಿ ತಿಂಡಿ, ಸ್ನಾನ, ಡಬ್ಬಿ ಎಲ್ಲವೂ ಆ ಒಂದು ಗಾಡಿಯ ಸಮಯಕ್ಕೆ ಕಟ್ಟಿಕೊಂಡಿವೆ. ಉರಣ್‌ನ ಹಳಬರು ಈಗಲೂ ಮೋರಾ ಬಂದರಿನಿಂದ ಮುಂಬೈಯ ದೋಣಿಕಟ್ಟೆಯಾದ ಭಾವುಚಾ ಧಕ್ಕಾಕ್ಕೆ ಲಾಂಚಿನಲ್ಲಿ ಹೋಗುತ್ತಾರೆ. ಅದು ನೇರ ದಾರಿ, ಆದರೆ ಇಳಿತದ ಹೊತ್ತಿನಲ್ಲಿ ಹೂಳಿನಿಂದಾಗಿ ಲಾಂಚು ನಿಲ್ಲುತ್ತದೆ, ಆದ್ದರಿಂದ ಅದನ್ನು ನಂಬಿ ಕಚೇರಿಯ ಸಮಯ ಹೊಂದಿಸಲಾಗುವುದಿಲ್ಲ.

ಇನ್ನೆರಡು ದಾರಿಗಳನ್ನೂ ತೂಗಿ ನೋಡಿ. ಅಟಲ್ ಸೇತುವಿನ ಮೇಲೆ ಬೆಲಾಪುರದಿಂದ ಮುಂಬೈಯ ನಗರ ಸಾರಿಗೆ ಬೆಸ್ಟ್‌ನವರೂ ನೆರೂಳ್ ಮತ್ತು ಖಾರ್ಘರ್‌ಗಳಿಂದ ನವಿ ಮುಂಬೈಯ ನಗರ ಸಾರಿಗೆ ಎನ್‌ಎಂಎಂಟಿಯವರೂ 2024ರಲ್ಲಿ ಬಸ್ಸು ಆರಂಭಿಸಿದರು. ಬಸ್ಸಿನಲ್ಲಿ ಟೋಲ್ ನಲವತ್ತು ಜನರ ನಡುವೆ ಹಂಚಿಹೋಗುತ್ತದೆ. ಇನ್ನು, 2025ರ ಆಗಸ್ಟ್‌ನಿಂದ ವಿದ್ಯುತ್ ಕಾರುಗಳಿಗೆ ಈ ಸೇತುವೆಯಲ್ಲಿ ಟೋಲ್ ವಿನಾಯಿತಿ ಇದೆ. ನಮ್ಮ ಸೊಸೈಟಿಯಲ್ಲಿ ಇಬ್ಬರು ಅದಕ್ಕೆಂದೇ ಕಾರು ಬದಲಿಸಿದರು. ಹೊಸ ಕಾರಿನ ಕಂತನ್ನೂ ಸೇರಿಸಿದಾಗ ನಮಗೆ ಅದು ಹೊಂದಲಿಲ್ಲ. ಈಗಾಗಲೇ ಕಾರು ಬದಲಿಸಬೇಕೆಂದಿರುವವರಿಗೆ ಹೊಂದೀತು.

ನಿಮ್ಮ ತಾಯಿಯವರ ಬಗ್ಗೆ ಒಂದು ಮಾತು. ನನ್ನ ಅತ್ತೆಯವರಿಗೆ ಕಣ್ಣಿನ ಪೊರೆಯ ಚಿಕಿತ್ಸೆ ಆದಾಗ ಹಳೆಯ ವೈದ್ಯರನ್ನೇ ಬಿಡಬಾರದೆಂದು ತಿಂಗಳಿಗೆ ನಾಲ್ಕು ಸಲ ದಾದರ್‌ಗೆ ಕರೆದೊಯ್ದೆವು. ಕಚೇರಿಯ ಪ್ರಯಾಣವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ವೈದ್ಯರು, ಮದುವೆ, ನಾಮಕರಣ, ಸಂಘದ ಕಾರ್ಯಕ್ರಮ, ಊರಿನಿಂದ ಬಂದ ನೆಂಟರನ್ನು ಬಸ್ಸಿಗೆ ಬಿಡುವುದು, ಇವು ಯಾವ ಲೆಕ್ಕದಲ್ಲಿಯೂ ಇರುವುದಿಲ್ಲ. ಅವಸರವಿಲ್ಲದ ದಿನ ನಾವು ವಾಶಿಯ ಮೇಲೆ ಸುತ್ತಿ ಹೋಗುತ್ತೇವೆ, ಅಲ್ಲಿ ಕಾರಿಗೆ ಟೋಲ್ ಇಲ್ಲ. ಅತ್ತೆಯವರಿಗೆ ಸೊಂಟನೋವಿದ್ದ ದಿನ ಮಾತ್ರ ಯೋಚಿಸದೆ ಅಟಲ್ ಸೇತು ಹತ್ತಿದೆವು. ಆ 375 ರೂಪಾಯಿಯ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಚೆಂಬೂರಿನ ಬಾಡಿಗೆದಾರ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಲೆಕ್ಕಪರಿಶೋಧಕಿಯವರ ಅಂಕಿಗಳನ್ನು ರಾತ್ರಿ ಮನೆಯಲ್ಲಿ ಓದಿ ಹೇಳಿದೆ. ಮಗಳ ಸಂಗೀತದ ಪಾಠ ಮಾಟುಂಗದಲ್ಲಿದೆ, ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳನ್ನು ಅಮ್ಮ ಬಿಡುವುದಿಲ್ಲ, ಅವರ ವೈದ್ಯರು ಸಯನ್‌ನಲ್ಲಿದ್ದಾರೆ. ದ್ರೋಣಗಿರಿಯ ಸಹೋದರಿಯವರು ಬರೆದ ಮೇಲೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆವು. ನನ್ನ ಕಚೇರಿಯನ್ನು ಬಿಟ್ಟು ತಿಂಗಳಿಗೆ ಹದಿನಾಲ್ಕು ಸಲ ಖಾರಿ ದಾಟಬೇಕಾಗುತ್ತದೆ. ಇದು ನನಗೆ ಹೊಳೆದೇ ಇರಲಿಲ್ಲ.

ಈಗ ಕೊಳ್ಳುವುದನ್ನು ಮುಂದೂಡಿದ್ದೇವೆ. ನೆರೂಳ್‌ನಲ್ಲಿ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಹನ್ನೊಂದು ತಿಂಗಳಿಗೆ ಬಾಡಿಗೆ ಮನೆ ನೋಡಿ, ಖಾರಿಯ ಆಚೆಯ ಬದುಕು ನಮ್ಮ ನಾಲ್ವರಿಗೂ ಒಗ್ಗುವುದೋ ಇಲ್ಲವೋ ತಿಳಿದುಕೊಳ್ಳುತ್ತೇವೆ. ದ್ರೋಣಗಿರಿಯ ಮನೆಯನ್ನು ಪೂರ್ತಿ ಕೈಬಿಟ್ಟಿಲ್ಲ. ಬರುವ ಸೋಮವಾರ ರಜೆ ಹಾಕಿ, ಸಂಜೆ ಕಚೇರಿ ಬಿಡುವ ಹೊತ್ತಿಗೆ ಸಿಎಸ್‌ಎಂಟಿಯಲ್ಲಿ ರೈಲು ಹತ್ತಿ ಅಲ್ಲಿಯವರೆಗೆ ಹೋಗಿ ನೋಡುತ್ತೇನೆ.

ದ್ರೋಣಗಿರಿಯ ಗೃಹಿಣಿ:

ಖಂಡಿತ ಬನ್ನಿ. ನೆರೂಳ್‌ನಲ್ಲಿ ಗಾಡಿ ಬದಲಿಸುವಾಗ ನಿಲ್ದಾಣದ ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು, ತಾಯಿಯವರಿಗೆ ಅದು ಆಗುತ್ತದೆಯೇ ಎಂಬುದನ್ನು ಗಮನಿಸಿ. ಇಲ್ಲಿಂದ ಹಿಂದಿರುಗುವ ಗಾಡಿಯ ಸಮಯವನ್ನು ಇಳಿದ ಕೂಡಲೇ ಫಲಕದಲ್ಲಿ ನೋಡಿಕೊಳ್ಳಿ. ನಡುವೆ ಸಮಯವಿದ್ದರೆ ನಮ್ಮಲ್ಲಿ ಊಟ ಮಾಡಿಕೊಂಡು ಹೋಗಿ.