ಸಣ್ಣ ಅಂಗಡಿಯವರಿಗೂ ಕೋಚ್ ಬೇಕಾ?

ಪ್ರಶ್ನೆ (ಗೋಣಿಕೊಪ್ಪದ ಸದಸ್ಯರು):
ಕಾಫಿಪುಡಿ, ಕರಿಮೆಣಸು, ಜೇನು ಮಾರುವ ಅಂಗಡಿ ನಮ್ಮದು. ಜೊತೆಗೆ ಮೂರು ರೂಮಿನ ಹೋಂಸ್ಟೇ. ಆರು ಜನ ಕೆಲಸಕ್ಕಿದ್ದಾರೆ. ವ್ಯಾಪಾರ ಪರವಾಗಿಲ್ಲ. ಆದರೆ ಒಂದು ದಿನ ಮದುವೆಗೆ ಹೋದರೂ ಫೋನ್ ಬಿಡುವುದಿಲ್ಲ. ಬೆಂಗಳೂರಿನ ಭಾವ ‘ಎಕ್ಸಿಕ್ಯೂಟಿವ್ ಕೋಚ್ ಹತ್ತಿರ ಹೋಗು’ ಅನ್ನುತ್ತಾರೆ. ಅದು ದೊಡ್ಡ ಕಂಪನಿ ಸಿಇಒಗಳಿಗೆ ಅಲ್ವಾ? ಒಬ್ಬರು ಆರು ತಿಂಗಳಿಗೆ 50,000 ರೂಪಾಯಿ, ಮೇಲೆ ಜಿಎಸ್‌ಟಿ ಕೇಳಿದ್ದಾರೆ. ಕೊಡಬಹುದಾ?

ಉತ್ತರ (ಕೋಚ್, ಮಡಿಕೇರಿ):
ಕೋಚ್ ಅಂದರೆ ಪಾಠ ಹೇಳುವವರಲ್ಲ, ಪ್ರಶ್ನೆ ಕೇಳುತ್ತಾ ನಿಮ್ಮ ದಾರಿ ನೀವೇ ಕಂಡುಕೊಳ್ಳುವಂತೆ ಮಾಡುವವರು. ಯಾವುದಕ್ಕೆ ಕೋಚ್ ಬೇಡ ಅಂತ ಮೊದಲು ಹೇಳಿಬಿಡುತ್ತೇನೆ. ತೆರಿಗೆ ಗೊಂದಲಕ್ಕೆ ಆಡಿಟರ್ ಇದ್ದಾರೆ. ಸಬ್ಸಿಡಿ ಸಾಲ ಬೇಕಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಮೆಣಸಿನ ಬಳ್ಳಿ ಸೊರಗುತ್ತಿದ್ದರೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರಕ್ಕೆ ಹೋಗಿ. ಇವಕ್ಕೆಲ್ಲ ಕೋಚ್‌ಗೆ ದುಡ್ಡು ಕೊಡುವುದು ದಂಡ.

ನಿಮ್ಮ ಫೋನಿನ ವಿಷಯ ಬೇರೆ. ಆರು ಜನ ಇದ್ದೂ ಎಲ್ಲ ನಿಮ್ಮ ಹತ್ತಿರವೇ ಬರುತ್ತದೆ ಎಂದರೆ ತೊಡಕು ಹೆಚ್ಚಾಗಿ ಮಾಲೀಕರ ಅಭ್ಯಾಸದಲ್ಲೇ ಇರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಕೋಚಿಂಗ್ ಕೆಲಸಕ್ಕೆ ಬರುವುದು ಇಂಥ ಕಡೆಯೇ.

ಒಬ್ಬರು ಅಂಗಡಿ ಮಾಲೀಕರ ಉದಾಹರಣೆ ಕೊಡುತ್ತೇನೆ. ಅವರ ಒಪ್ಪಿಗೆ ಇದೆ, ಊರು ಹೇಳುವುದಿಲ್ಲ. ಒಂದು ವಾರ ಬಂದ ಕರೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದ್ದೆ. ‘ಐದು ಕಿಲೋ ಪುಡಿ ತಗೊಳ್ತಾರಂತೆ, ಎಷ್ಟು ಬಿಡಲಿ?’ ‘ಗೆಸ್ಟ್ ಹನ್ನೊಂದಕ್ಕೇ ಬಂದ್ರು, ರೂಮ್ ಕೊಡ್ಲಾ?’ ‘ಗ್ಯಾಸ್ ಖಾಲಿ.’ ಇಂಥವೇ ಪುಟಗಟ್ಟಲೆ.

‘ಇದರಲ್ಲಿ ನೀವೇ ಹೇಳಬೇಕಾದದ್ದು ಯಾವುದು?’ ಅಂತ ಕೇಳಿದೆ. ಬೆರಳು ಕೆಳಗಿಳಿಯುತ್ತಾ ಹೋಗಿ ಒಂದೇ ಒಂದು ಸಾಲಿನ ಮೇಲೆ ನಿಂತಿತು.
‘ಉಳಿದವು?’
‘ಅವರಿಗೇ ಗೊತ್ತು. ಆದ್ರೂ ಕೇಳ್ತಾರೆ.’
‘ಕೇಳದೆ ಮಾಡಿದಾಗ ಏನಾಯಿತು?’
ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬೈದಿದ್ದೆ.’

ಆಮೇಲೆ ಅವರೇ ಒಂದು ನಿಯಮ ಮಾಡಿದರು. 10 ಪರ್ಸೆಂಟ್ ತನಕ ರಿಯಾಯಿತಿ ಕೌಂಟರಿನಲ್ಲಿರುವವರ ಇಷ್ಟ, ತಪ್ಪಾದರೂ ಗ್ರಾಹಕರ ಎದುರು ಬೈಯುವುದಿಲ್ಲ. ಗಲ್ಲಾಪೆಟ್ಟಿಗೆ ಮೇಲೆ ಚೀಟಿ ಅಂಟಿಸಿದರು. ಮೊದಲ ಭಾಗ ಸುಲಭ. ಎರಡನೆಯದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. 10 ಅಂತ ನಾನು ಹೇಳಲಿಲ್ಲ. ನಾನು ಹೇಳಿದ್ದರೆ ಆ ಚೀಟಿ ಪುತ್ತರಿ ಹಬ್ಬಕ್ಕೆ ಮೊದಲೇ ಕಿತ್ತುಹೋಗುತ್ತಿತ್ತು ಅಂತ ನನ್ನ ಅನಿಸಿಕೆ.

ದೊಡ್ಡ ಕಂಪನಿಯಲ್ಲಿ ಸಿಇಒಗೆ ಪ್ರಶ್ನೆ ಕೇಳಲು ಬೋರ್ಡ್ ಇರುತ್ತದೆ. ನಿಮಗೆ ಯಾರಿದ್ದಾರೆ? ಕೆಲಸದವರು ಎದುರಾಡುವುದಿಲ್ಲ. ಮನೆಯವರು ಹೇಳಿದರೆ ಜಗಳ. ಪಕ್ಕದ ಅಂಗಡಿಯವರು ನೆಂಟರೂ ಹೌದು, ಪೈಪೋಟಿಯೂ ಹೌದು. ಕೊಡಗಿನಲ್ಲಿ ಇದು ಜಾಸ್ತಿ. ವಿರಾಜಪೇಟೆಯಲ್ಲಿ ಹೇಳಿದ ಮಾತು ಸಂಜೆಯೊಳಗೆ ಸೋಮವಾರಪೇಟೆ ತಲುಪಿರುತ್ತದೆ. ನಿಮ್ಮ ವ್ಯಾಪಾರದಲ್ಲಿ ಯಾವ ಲಾಭವೂ ಇಲ್ಲದ, ಮಾತು ಹೊರಗೆ ಬಿಡದ ಒಬ್ಬರು ಸಿಗುತ್ತಾರಲ್ಲ, ಸಣ್ಣ ಉದ್ಯಮಿಗೆ ಸಿಗುವ ದೊಡ್ಡ ಪ್ರಯೋಜನ ಅದೇ.

ಈಗ ದುಡ್ಡು. 50,000ಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 59,000. ಕಿಲೋ ಪುಡಿಗೆ ಖರ್ಚು ಕಳೆದು ನಿಮಗೆ 100 ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಆಗ 590 ಕಿಲೋ ಜಾಸ್ತಿ ಮಾರಬೇಕು. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಆ 9,000ಕ್ಕೆ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಿಗುತ್ತದಾ ಅಂತ ಆಡಿಟರ್ ಹತ್ತಿರ ಕೇಳಿ. ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಸಿಗುವುದಿಲ್ಲ. ನಿಮಗೆ ಬಿಡುವಾಗುವ ದಿನಗಳಲ್ಲಿ ಅಷ್ಟು ವ್ಯಾಪಾರ ಬೆಳೆಸುವ ದಾರಿ ಕಣ್ಣಿಗೆ ಕಾಣುತ್ತಿದ್ದರೆ ಕೊಡಿ. ಕಾಣದಿದ್ದರೆ ಈಗ ಬೇಡ. ಆ ನೋಟ್‌ಬುಕ್ ಬರೆಯಲು ಹೇಗೂ ದುಡ್ಡು ಬೇಕಿಲ್ಲ, ನಾಳೆಯೇ ಶುರು ಮಾಡಿ.

ಸೋಮವಾರಪೇಟೆಯ ಸದಸ್ಯರು:
ಇದೆಲ್ಲ ಬೆಂಗಳೂರಿನವರ ಶೋಕಿ ಸ್ವಾಮಿ. ನಮ್ಮಪ್ಪ ಯಾವ ಕೋಚ್ ಇಲ್ಲದೆ ಅಂಗಡಿ ನಡೆಸಿದರು. ನಾಳೆ ನಾನೂ ಬೋರ್ಡ್ ಹಾಕಿಕೊಂಡರೆ ನಾನೂ ಕೋಚೇ ಅಲ್ವಾ?

ಉತ್ತರ:
ಹೌದು, ಹಾಕಬಹುದು. ಈ ಕೆಲಸಕ್ಕೆ ನಮ್ಮಲ್ಲಿ ಸರ್ಕಾರಿ ಲೈಸೆನ್ಸ್ ಇಲ್ಲ. ಅದಕ್ಕೇ ಜಾಗ್ರತೆ ಬೇಕು. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಅಂದರೆ ಐಸಿಎಫ್, ಮೂರು ಹಂತದ ಅರ್ಹತೆ ಕೊಡುತ್ತದೆ. ಮೊದಲ ಹಂತ ಎಸಿಸಿಗೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಎರಡನೆಯ ಹಂತ ಪಿಸಿಸಿಗೆ 125 ಮತ್ತು 500. ಮೂರನೆಯ ಹಂತ ಎಂಸಿಸಿಗೆ 200 ಮತ್ತು 2,500. ಸರ್ಟಿಫಿಕೇಟ್ ಇದ್ದವರೆಲ್ಲ ಒಳ್ಳೆಯವರು ಅಂತಲ್ಲ, ಆದರೆ ಕೇಳುವುದರಲ್ಲಿ ತಪ್ಪಿಲ್ಲ. ‘ಮೂರು ತಿಂಗಳಲ್ಲಿ ವ್ಯಾಪಾರ ಡಬಲ್’ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಮೊದಲ ಮಾತುಕತೆಗೆ ಎಷ್ಟೋ ಕೋಚ್‌ಗಳು ದುಡ್ಡು ತೆಗೆದುಕೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ಯಾರು ಜಾಸ್ತಿ ಮಾತಾಡಿದರು ಅಂತ ಗಮನಿಸಿ. ಕೋಚೇ ಆಗಿದ್ದರೆ ಕಾಫಿ ಕುಡಿದು ಎದ್ದು ಬನ್ನಿ.

ಪ್ರಯೋಜನ ನಿಜವಾ ಅಂದರೆ, 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಕೆಲಸದ ಸಾಮರ್ಥ್ಯ, ನೆಮ್ಮದಿ, ಒತ್ತಡ ತಾಳಿಕೊಳ್ಳುವುದು, ಗುರಿ ಹಿಡಿದು ನಡೆಯುವುದು, ಎಲ್ಲದರಲ್ಲೂ ಒಳ್ಳೆಯ ಪರಿಣಾಮ ಕಂಡಿತ್ತು. ಆದರೆ ಅದು ಸಂಸ್ಥೆಗಳಲ್ಲಿ ಕೆಲಸ ಮಾಡುವವರನ್ನು ನೋಡಿದ್ದು. ನಮ್ಮ ಸಂತೆಬೀದಿ ಅಂಗಡಿಗಳಿಗೆ ಅದನ್ನು ಹಾಗೇ ಅನ್ವಯಿಸಲು ನಾನು ಹೋಗುವುದಿಲ್ಲ. ನಿಮ್ಮ ತಂದೆಯವರಂತೆ ಯಾರ ಸಹಾಯವೂ ಇಲ್ಲದೆ ನಡೆಸುವವರು ಈಗಲೂ ಇದ್ದಾರೆ. ಅವರಿಗೆ ಬೇಕಿಲ್ಲ.

ವಿರಾಜಪೇಟೆಯ ಸದಸ್ಯರು:
ಅಂಗಡಿ ನನ್ನ ಹೆಸರಿಗಿದೆ, ಚೆಕ್‌ಬುಕ್ ಇನ್ನೂ ಅಪ್ಪನ ಹತ್ತಿರ. ಕೋಚ್ ಬಂದು ಅಪ್ಪನಿಗೆ ಬುದ್ಧಿ ಹೇಳಬಹುದಾ?

ಉತ್ತರ:
ಇಲ್ಲ. ಒಳ್ಳೆಯ ಕೋಚ್ ಆ ಕೆಲಸ ಒಪ್ಪಿಕೊಳ್ಳುವುದೇ ಇಲ್ಲ. ಅಪ್ಪನ ಹತ್ತಿರ ಈ ಮಾತು ಹೇಗೆ ತೆಗೆಯುವುದು ಅಂತ ನಿಮ್ಮನ್ನು ತಯಾರು ಮಾಡಬಹುದು. ಮೊದಲಿಗೆ ಇಡೀ ಚೆಕ್‌ಬುಕ್ ಕೇಳಬೇಡಿ. ಸಾಮಾನು ಖರೀದಿಗೆ ಒಂದು ಮಿತಿ ಹಾಕಿಸಿಕೊಂಡು, ತಿಂಗಳ ಕೊನೆಗೆ ಲೆಕ್ಕ ತೋರಿಸಿ ನೋಡಿ.

ಮಡಿಕೇರಿ ಹತ್ತಿರದ ಹೋಂಸ್ಟೇ ಮಾಲೀಕರು:
2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಮೇಲೆ ಜೋರು ಮಳೆ ಬಂದರೆ ನಿದ್ದೆ ಇಲ್ಲ. ಬುಕಿಂಗ್ ತೆಗೆದುಕೊಳ್ಳಲೂ ಕೈ ನಡುಗುತ್ತದೆ. ಕೋಚಿಂಗ್‌ನಿಂದ ಧೈರ್ಯ ಬರುತ್ತದಾ?

ಉತ್ತರ:
ಇದಕ್ಕೆ ನನ್ನಂಥವರ ಹತ್ತಿರ ಬರಬೇಡಿ, ಮೊದಲು ಡಾಕ್ಟರ್‌ಗೆ ತೋರಿಸಿ. ಗುಡ್ಡ ಕುಸಿದದ್ದನ್ನು ಕಂಡವರಿಗೆ ಹೀಗಾಗುವುದು ನಾಚಿಕೆಯ ವಿಷಯ ಅಲ್ಲ, ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಳೆಗಾಲದ ಬುಕಿಂಗ್, ಮುಂಗಡ ವಾಪಸ್ ಕೊಡುವ ನಿಯಮ ಇವುಗಳ ಬಗ್ಗೆ ಆಮೇಲೆ ಕೂತು ಮಾತಾಡೋಣ.

ಪ್ರಶ್ನೆ (ಮತ್ತೆ ಗೋಣಿಕೊಪ್ಪದಿಂದ):
ನೋಟ್‌ಬುಕ್ ಇವತ್ತೇ ಶುರು ಮಾಡಿದೆ, ಮಧ್ಯಾಹ್ನಕ್ಕೇ ಒಂದು ಪುಟ ತುಂಬಿತು! ಕೋಚಿಂಗ್ ಯಾವಾಗ ಶುರು ಮಾಡುವುದು ಒಳ್ಳೆಯದು? ಆನ್‌ಲೈನ್ ಸಾಕಾ?

ಉತ್ತರ:
ಕಾಫಿ ಕೊಯ್ಲಿನಲ್ಲಿ ಖಂಡಿತ ಬೇಡ. ಡಿಸೆಂಬರಿನಿಂದ ಫೆಬ್ರವರಿ ತನಕ ನಿಮ್ಮ ತಲೆ ಕಣದಲ್ಲೇ ಇರುತ್ತದೆ. ದಸರಾ, ಕ್ರಿಸ್‌ಮಸ್ ರಜೆಯಲ್ಲಿ ಗೆಸ್ಟ್‌ಗಳು. ಜೂನ್‌ನಲ್ಲಿ ಶುರು ಮಾಡಿ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸಾಕು. ಮಾಡಿಕೊಂಡ ಬದಲಾವಣೆ ನಿಲ್ಲುತ್ತದಾ ಅಂತ ದಸರಾ ರಶ್ಶಿನಲ್ಲೇ ಗೊತ್ತಾಗುತ್ತದೆ. ಮೊದಲ ಎರಡು ಸಲ ಎದುರುಬದುರು ಕೂತು ಮಾತಾಡಿ, ಆದರೆ ನಿಮ್ಮ ಅಂಗಡಿಯಲ್ಲಿ ಬೇಡ, ಅಲ್ಲಿ ನಿಮ್ಮನ್ನು ಐದು ನಿಮಿಷ ಬಿಡುವುದಿಲ್ಲ. ಉಳಿದದ್ದು ಆನ್‌ಲೈನ್ ಆಗಬಹುದು. ಜುಲೈನಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ವಿಡಿಯೋ ಹಟ ಬಿಟ್ಟು ಲ್ಯಾಂಡ್‌ಲೈನ್ ಇದ್ದರೆ ಅದರಲ್ಲೇ ಮಾತಾಡಿ. ಮತ್ತೆ, ಗೌಪ್ಯತೆ ಮತ್ತು ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಅನ್ನುವುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.